ನ್ಯಾನೋಸೆಕೆಂಡಿನ ಮಿಂಚು

ಕೇಳುಗರಿಗೆ ನಮಸ್ಕಾರ. 1960ರಲ್ಲಿ ಮೊದಲ ಲೇಸರ್ ಬೆಳಗಿತು. ಮರುವರ್ಷವೇ ಶ್ವಾರ್ಟ್ಸ್ ಮತ್ತು ಟೌನ್ಸ್ ಎಂಬ ವಿಜ್ಞಾನಿಗಳು, ಬೇರೆ ಲೋಕದವರು ರೇಡಿಯೋ ಬಿಟ್ಟು ಲೇಸರಿನಿಂದಲೂ ಸಂಕೇತ ಕಳಿಸಬಹುದು ಎಂದು ಬರೆದರು.

ನಕ್ಷತ್ರದ ಪ್ರಖರ ಬೆಳಕಿನಲ್ಲಿ ಆ ಲೇಸರ್ ಕಾಣುವುದು ಹೇಗೆ? ಕಾಲವನ್ನು ಸಣ್ಣಗೆ ಹೆಚ್ಚಬೇಕು. ಒಂದು ನ್ಯಾನೋಸೆಕೆಂಡಿನಲ್ಲಿ, ಅಂದರೆ ಸೆಕೆಂಡಿನ ನೂರು ಕೋಟಿಯ ಒಂದು ಪಾಲಿನಲ್ಲಿ, ಬೆಳಕು ಓಡುವುದು ಒಂದೇ ಅಡಿ. ಸಾವಿರ ಜ್ಯೋತಿರ್ವರ್ಷ ದೂರದ, ಸೂರ್ಯನಂಥ ನಕ್ಷತ್ರದಿಂದ ಅಷ್ಟು ಹೊತ್ತಿನಲ್ಲಿ ದೂರದರ್ಶಕದ ಒಂದು ಮೀಟರ್ ಕನ್ನಡಿಗೆ ಸಾಮಾನ್ಯವಾಗಿ ಒಂದು ಫೋಟಾನೂ, ಅಂದರೆ ಬೆಳಕಿನ ಒಂದು ಕಣವೂ, ಬೀಳುವುದಿಲ್ಲ. ಹತ್ತಾರು ಒಟ್ಟಿಗೇ ಬಿದ್ದರೆ, ಲೇಸರಿನ ಮಿಂಚೇನೋ ಎಂದು ಅನುಮಾನ ಪಡಬೇಕು.

ಅದಕ್ಕೆ ಫೋಟೋಮಲ್ಟಿಪ್ಲೈಯರ್ ನಳಿಕೆ ಬೇಕು. ಸುಮಾರು 1000 ವೋಲ್ಟ್ ಕೊಟ್ಟರೆ ಒಂದು ಫೋಟಾನ್ ಕೆಡವಿದ ಒಂದು ಎಲೆಕ್ಟ್ರಾನು ಹತ್ತು ಲಕ್ಷವಾಗಿ ಹೊರಬರುತ್ತದೆ. ಕರೆಂಟ್ ಇದ್ದಾಗ ಹಗಲು ಬೆಳಕು ತಾಗಿತೋ, ನಳಿಕೆ ಕೆಟ್ಟಂತೆಯೇ.

ಒಂದೇ ನಳಿಕೆಯನ್ನು ನಂಬುವಂತಿಲ್ಲ. ಆಕಾಶದಿಂದ ಬೀಳುವ ಮ್ಯೂಆನ್ ಕಣ ಗಾಜನ್ನು ಹಾಯ್ದರೂ ಮಿಂಚುತ್ತದೆ, ಗಾಜಿನೊಳಗಿನ ಪೊಟ್ಯಾಸಿಯಂ ವಿಕಿರಣ ಸೂಸಿ ಕ್ಷಯಿಸಿದರೂ ಮಿಂಚುತ್ತದೆ. ಇನ್ನೊಂದು ಕಾಟವೂ ಉಂಟು. ನಮ್ಮ ಗೋಳಗುಮ್ಮಟದಲ್ಲಿ ಒಂದು ಚಪ್ಪಾಳೆ ಮತ್ತೆ ಮತ್ತೆ ಮರಳುತ್ತದಲ್ಲ, ಹಾಗೇ ನಳಿಕೆಯಲ್ಲಿ ಉಳಿದ ಅನಿಲದ ಅಯಾನುಗಳು, ಅಂದರೆ ವಿದ್ಯುದಾವೇಶ ಪಡೆದ ಕಣಗಳು, ಹಿಂದಕ್ಕೆ ಓಡಿ, ನಿಜವಾದ ತುಡಿತದ ಬೆನ್ನಿಗೇ ಸುಳ್ಳು ತುಡಿತ ಎಬ್ಬಿಸುತ್ತವೆ.

ಆದ್ದರಿಂದ ಬೆಳಕನ್ನು ಸೀಳಿ ಹಲವು ನಳಿಕೆಗಳಿಗೆ ಹಂಚುತ್ತಾರೆ. ಎಲ್ಲವೂ ಒಟ್ಟಿಗೆ ಮಿಡಿದರಷ್ಟೇ ದಾಖಲೆ. ಲೆಕ್ಕ ನೋಡಿ: ಪ್ರತಿ ನಳಿಕೆ ಸೆಕೆಂಡಿಗೆ 10,000 ಎಣಿಸುತ್ತಿದ್ದು, ತುಡಿತ 5 ನ್ಯಾನೋಸೆಕೆಂಡ್ ಇದ್ದರೆ, ಎರಡು ನಳಿಕೆಗಳು ಆಕಸ್ಮಿಕವಾಗಿ ಸೆಕೆಂಡಿಗೊಮ್ಮೆ ಕೂಡುತ್ತವೆ. ಮೂರು ಕೂಡಬೇಕಾದರೆ ಸುಮಾರು ಮೂರೂಮುಕ್ಕಾಲು ತಾಸಿಗೊಮ್ಮೆ. ಕ್ಯಾಲಿಫೋರ್ನಿಯಾದ ಲಿಕ್ ವೀಕ್ಷಣಾಲಯದವರು ಮೂರು ನಳಿಕೆ ಇಟ್ಟಿದ್ದರ ಲಾಭ ಇದು. ಕೇಬಲ್ಲುಗಳು ಮಾತ್ರ ಸಮ ಉದ್ದದವಿರಲಿ. 20 ಸೆಂಟಿಮೀಟರ್ ಹೆಚ್ಚಾದರೆ ಒಂದು ನ್ಯಾನೋಸೆಕೆಂಡ್ ತಡ. ಇಷ್ಟು ಸಣ್ಣ ತಪ್ಪನ್ನು ಹುಡುಕುವುದರಲ್ಲೇ ಎಷ್ಟೋ ರಾತ್ರಿ ಹೋಗುತ್ತವೆ.

ಇಷ್ಟಾದ ಮೇಲೂ ಗಟ್ಟಿ ಸಾಕ್ಷಿ ಬೇಕೆಂದರೆ ಎರಡನೇ ದೂರದರ್ಶಕ, ಬೇರೆ ಊರಿನಲ್ಲಿ. ಅಮೆರಿಕದ ವಿಶ್ವವಿದ್ಯಾಲಯಗಳಾದ ಹಾರ್ವರ್ಡ್ ಮತ್ತು ಪ್ರಿನ್ಸ್‌ಟನ್‌ನವರು ಹೀಗೆ ಜೊತೆಯಾಗಿ ನೋಡಿದ್ದಾರೆ. ವಿಜಯಪುರದಲ್ಲೊಂದು, ಬಾಗಲಕೋಟೆಯಲ್ಲೊಂದು ಇಟ್ಟರೆಂದುಕೊಳ್ಳಿ. ನೇರ ದೂರ ಸುಮಾರು 70 ಕಿಲೋಮೀಟರ್. ಸಂಕೇತ ಒಂದೂರಿಗಿಂತ ಇನ್ನೊಂದೂರಿಗೆ ಹೆಚ್ಚೆಂದರೆ 240 ಮೈಕ್ರೋಸೆಕೆಂಡ್ (ಸೆಕೆಂಡಿನ ಹತ್ತು ಲಕ್ಷದ 240 ಪಾಲು) ತಡವಾಗಿ ತಲುಪೀತು. ನಿಖರ ಅಂತರವನ್ನು ನಕ್ಷತ್ರ ಇರುವ ದಿಕ್ಕಿನಿಂದ ಮೊದಲೇ ಲೆಕ್ಕ ಹಾಕಿಟ್ಟು, ಜಿಪಿಎಸ್ ಗಡಿಯಾರಕ್ಕೆ ಹೋಲಿಸಬಹುದು. ವಿಜಯಪುರದ ನಳಿಕೆಗೆ ಬಡಿದ ಮ್ಯೂಆನ್ ಬಾಗಲಕೋಟೆಯಲ್ಲಿ ಸದ್ದು ಮಾಡದು. ಆದರೆ ಒಂದೂರಿನಲ್ಲಿ ಮೋಡ ಕವಿದರೆ, ಇನ್ನೊಂದೂರಿನ ಆ ರಾತ್ರಿಯ ದಾಖಲೆಗೆ ಜೋಡಿ ಸಿಗುವುದಿಲ್ಲ.