ಪಂಕ್ತಿಗೆ ತಡವಾಗಿ ಬಂದವರು

ಕೇಳುಗರೇ, ನಮಸ್ಕಾರ.

ಮದುವೆಮನೆಯಲ್ಲಿ ಪಂಕ್ತಿ ಕೂತಿದೆ. ಉಪ್ಪು, ಕೋಸಂಬರಿ, ಪಲ್ಯ ಆಗಿ ಸಾರು ಬರುತ್ತಿದೆ. ಆಗ ನೀವು ತಡವಾಗಿ ಬಂದು ಎಲೆ ಮುಂದೆ ಕೂತಿರಿ. ನಿಮಗೊಬ್ಬರಿಗೆ ಅಂತ ಉಪ್ಪಿನಿಂದ ಮತ್ತೆ ಯಾರೂ ಶುರು ಮಾಡುವುದಿಲ್ಲ, ಅಲ್ವಾ? ಬಂದ ಸಾರು ಹಾಕಿಸಿಕೊಳ್ಳುತ್ತೀರಿ. ತಪ್ಪಿದ ಕೋಸಂಬರಿ, ಪಲ್ಯ ಆಮೇಲೆ ಬರುತ್ತದೆ.

ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ಈ ಬುದ್ಧಿ ಕಲಿತದ್ದು 2008ರಲ್ಲಿ, ತನ್ನ 8.3ನೇ ಆವೃತ್ತಿಯಲ್ಲಿ.

80 ಜಿಬಿಯ ಒಂದು ಟೇಬಲ್, ಅಂದರೆ ಸಾಲು ಸಾಲಾಗಿ ಮಾಹಿತಿ ತುಂಬಿದ ಪಟ್ಟಿ, ಇದೆ ಎನ್ನೋಣ. ಪೋಸ್ಟ್‌ಗ್ರೆಸ್ ಅದನ್ನು 8 ಕೆಬಿ ಪುಟಗಳಾಗಿ ಇಡುತ್ತದೆ. ಸುಮಾರು ಒಂದು ಕೋಟಿ ಪುಟ! ಒಬ್ಬರು ವರ್ಷದ ಮಾರಾಟದ ಲೆಕ್ಕ ಕೇಳಿದರು. ಬೇಕಾದ ಸಾಲು ಎಲ್ಲಿದೆ ಎಂದು ತೋರಿಸುವ ಸೂಚಿ, ಅಂದರೆ ಇಂಡೆಕ್ಸ್, ನೆರವಿಗೆ ಬರದಿದ್ದರೆ ಪೂರ್ತಿ ಓದಲೇಬೇಕು. ಅರ್ಧ ಓದಿರುವಾಗ ಇನ್ನೊಬ್ಬರು ಅದೇ ಟೇಬಲ್‌ನಿಂದ ಬೇರೆ ಲೆಕ್ಕ ಕೇಳಿದರು. ಹಿಂದೆಲ್ಲ ಈ ಎರಡನೇ ಪ್ರಶ್ನೆ, ಅಂದರೆ ಕ್ವೆರಿ, ಮೊದಲ ಪುಟಕ್ಕೇ ಹೋಗುತ್ತಿತ್ತು. ಆ ಪುಟ ಮೆಮೊರಿಯಿಂದ ಎಂದೋ ಹೊರಬಿದ್ದಿರುತ್ತಿತ್ತು, ಮತ್ತೆ ಡಿಸ್ಕ್‌ನಿಂದಲೇ ತರಬೇಕಿತ್ತು. ತಿರುಗುವ ಡಿಸ್ಕ್ ಆದರಂತೂ ಇಲ್ಲಿಗೊಮ್ಮೆ ಅಲ್ಲಿಗೊಮ್ಮೆ ಓಡಾಡಿಯೇ ಸುಸ್ತು.

ಈಗ ಹಾಗಲ್ಲ. ಓದುತ್ತಿರುವ ಕ್ವೆರಿ ಪ್ರತಿ 128 ಕೆಬಿಗೊಮ್ಮೆ ತಾನು ಎಲ್ಲಿದ್ದೇನೆ ಎಂದು ಒಂದು ಗುರುತು ಬಿಡುತ್ತದೆ. ಹೊಸದಾಗಿ ಬಂದದ್ದು ಆ ಗುರುತು ನೋಡಿ ಅಲ್ಲಿಂದಲೇ ಓದಲು ಶುರು ಮಾಡುತ್ತದೆ. ಕೊನೆ ಮುಟ್ಟಿದ ಮೇಲೆ ಮೊದಲಿಗೆ ಬಂದು ಬಿಟ್ಟದ್ದನ್ನು ಮುಗಿಸುತ್ತದೆ. ಡಿಸ್ಕ್‌ನಿಂದ ಒಂದು ಸಲ ತಂದ ಪುಟ ಇಬ್ಬರಿಗೂ ಆಯಿತು.

ನನಗೆ ತುಂಬಾ ಹಿಡಿಸಿದ್ದು ಇದರ ಸರಳತನ. ಇಲ್ಲಿ ಮೇಸ್ತ್ರಿ ಇಲ್ಲ. ಯಾರೂ ಯಾರಿಗೂ ಕಾಯುವುದಿಲ್ಲ. ಮುಂದಿರುವವನು ಡಿಸ್ಕ್‌ನಿಂದ ತರಬೇಕು, ಹಾಗಾಗಿ ನಿಧಾನ. ಹಿಂದಿರುವವನಿಗೆ ಅದೇ ಪುಟ ಮೆಮೊರಿಯಲ್ಲಿ ಬಿಸಿಬಿಸಿಯಾಗಿ ಸಿಗುತ್ತದೆ, ಹಾಗಾಗಿ ಬೇಗ ಬಂದು ಸೇರಿಕೊಳ್ಳುತ್ತಾನೆ. ಸುಮ್ನೆ ಬಿಟ್ಟರೂ ಜೊತೆಯಾಗಿಯೇ ಸಾಗುತ್ತಾರೆ. ಸಣ್ಣ ಟೇಬಲ್‌ಗಳಿಗೆ ಮಾತ್ರ ಈ ಏರ್ಪಾಡು ಇಲ್ಲ. ನಾಲ್ಕು ಜನರ ಮನೆಯೂಟಕ್ಕೆ ಪಂಕ್ತಿ ಯಾಕೆ?

ಒಂದು ತೊಡಕಿದೆ. ನೀವು ಸಾರಿನಿಂದ ಊಟ ಶುರು ಮಾಡಿದಿರಿ ನೋಡಿ, ಹಾಗೆಯೇ ಉತ್ತರದ ಸಾಲುಗಳೂ ನಡುವಿನಿಂದ ಶುರುವಾಗಿ ಬರಬಹುದು. ನಿನ್ನೆ ಮೊದಲು ಬಂದ ಸಾಲು ಇವತ್ತು ಎಲ್ಲೋ ಇರುತ್ತದೆ. ಡೇಟಾಬೇಸ್ ಕೆಟ್ಟಿದೆ ಎಂದು ಗಾಬರಿಯಾಗುವವರಿದ್ದಾರೆ. ಕೆಟ್ಟಿಲ್ಲ. ಕ್ರಮ ಬೇಕಿದ್ದರೆ ಕ್ವೆರಿಯಲ್ಲಿ 'ಆರ್ಡರ್ ಬೈ' ಎಂದು ಬಾಯಿಬಿಟ್ಟು ಕೇಳಬೇಕಿತ್ತು, ಅಷ್ಟೇ.

ಬ್ಯಾಕಪ್ ತೆಗೆಯುವ ಪಿಜಿ ಡಂಪ್ ಮಾತ್ರ ಹಳೇ ಕಾಲದ ಹಿರಿಯರಂತೆ. ಈ ಸೌಲಭ್ಯವನ್ನು ಆಫ್ ಮಾಡಿಕೊಂಡೇ ಕೂರುತ್ತದೆ. ಅದಕ್ಕೆ ಉಪ್ಪಿನಿಂದಲೇ ಶುರುವಾಗಬೇಕು.

ನಮಸ್ಕಾರ.