ಮೊದಲ ಶಾಲೆ

ಕೇಳುಗರೆಲ್ಲರಿಗೂ ನಮಸ್ಕಾರ. ಶಿಕ್ಷಕರ ಅರ್ಹತಾ ಪರೀಕ್ಷೆ ಟಿಇಟಿ ಪಾಸಾಗಿ, ಆಯ್ಕೆ ಪಟ್ಟಿಯಲ್ಲಿ ಹೆಸರು ಬಂದು, ಶಾಲೆ ಆರಿಸಿಕೊಳ್ಳುವ ಕೌನ್ಸೆಲಿಂಗಿಗೆ ಕಾಯುತ್ತಿರುವ ತಮ್ಮ-ತಂಗಿಯರ ಜೊತೆ ಇವತ್ತು ನನ್ನ ಮಾತು.

ನೇಮಕಾತಿ ತಡವಾಯಿತೆಂದು ಕುಗ್ಗಬೇಡಿ. ಹಿಂದೆ ಟಿಇಟಿ ಅರ್ಹತೆ ಏಳೇ ವರ್ಷ ನಡೆಯುತ್ತಿತ್ತು, 2021ರಿಂದ ಅದು ಜೀವನಪೂರ್ತಿ. ಕಾಯುವ ಹೊತ್ತಿನಲ್ಲಿ ಅತಿಥಿ ಶಿಕ್ಷಕರಾಗಿ ಹೋಗಿ. ಗೌರವಧನ ದುಡಿಮೆಗೆ ತಕ್ಕಷ್ಟಿಲ್ಲ, ಅದು ನನಗೂ ನೋವಿನ ವಿಷಯವೇ. ಆದರೂ ಮಕ್ಕಳ ಮುಂದೆ ನಿಲ್ಲುವ ಧೈರ್ಯ ತರಗತಿಯಲ್ಲೇ ಬರಬೇಕು.

ಇನ್ನು ಸ್ಥಳ ಆಯ್ಕೆ. ಎಲ್ಲರೂ ಕೇಳುವುದು ಒಂದೇ: ಬಸ್ಸಿದೆಯಾ, ಪೇಟೆಗೆ ಎಷ್ಟು ದೂರ? ನಾನೂ ಅದನ್ನೇ ಕೇಳಿದ್ದೆ. ನಾನು ತೀರ್ಥಹಳ್ಳಿ ಕಡೆಯವಳು. ನನ್ನ ಸರದಿ ಬರುವಷ್ಟರಲ್ಲಿ ಉಳಿದಿದ್ದು ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನ ಒಂದು ತಾಂಡಾ.

ಮೊದಲ ವಾರ ಒಂದನೇ ತರಗತಿಯ ಮಕ್ಕಳು ಬಾಯಿಯೇ ಬಿಡಲಿಲ್ಲ. ಅಮ್ಮನ ಚಿತ್ರ ತೋರಿಸಿ 'ಇದು ಯಾರು?' ಅಂದರೆ ನನ್ನ ಮುಖ ನೋಡುತ್ತಿದ್ದವು. ಬಿಸಿಯೂಟ ಮಾಡುವ ಅಕ್ಕ ಬಾಗಿಲಲ್ಲಿ ನಿಂತು ಹೇಳಿದರು: "ಟೀಚರ್ರ, ಇವು ಮನ್ಯಾಗ ಅಮ್ಮ ಅನ್ನಂಗಿಲ್ರೀ, ಯಾಡಿ ಅಂತಾವ." ಲಂಬಾಣಿ ಮಾತಿನ ಮಕ್ಕಳು! ಕಪ್ಪುಹಲಗೆಯ ಮೇಲೆ ಕನ್ನಡ ಅಕ್ಷರದಲ್ಲಿ 'ಯಾಡಿ' ಎಂದು ಬರೆದು ಓದಿದೆ. ಹಿಂದಿನ ಸಾಲಿನ ಒಬ್ಬಳು ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಅವಳ ಹಿಂದೆ ಇಡೀ ತರಗತಿ ನಕ್ಕಿತು. ನನ್ನ ನೌಕರಿ ಶುರುವಾದದ್ದು ಅವತ್ತು.

ಚಟುವಟಿಕೆಗಳ ಮೂಲಕ ಕಲಿಸುವ ನಲಿಕಲಿಯೂ ನನಗೆ ಹೊಸದು. 1995ರಲ್ಲಿ ಹೆಗ್ಗಡದೇವನಕೋಟೆಯ ಶಿಕ್ಷಕರು ಬೆಳೆಸಿದ ಪದ್ಧತಿ ಅದು. ಮೂರು ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ, ಒಬ್ಬೊಬ್ಬರೂ ಕಲಿಕೆಯ ಏಣಿಯ ಒಂದೊಂದು ಮೆಟ್ಟಿಲಲ್ಲಿ. ಚಟುವಟಿಕೆ ಕಾರ್ಡುಗಳ ನಡುವೆ ನಾನೇ ದಾರಿ ತಪ್ಪುತ್ತಿದ್ದೆ. ಸುತ್ತಲಿನ ಶಾಲೆಗಳಿಗೆ ಮಾರ್ಗದರ್ಶನ ಮಾಡುವ ಸಿಆರ್‌ಪಿ ಅವರನ್ನು ಕೇಳಿಕೊಂಡು ಪಕ್ಕದೂರಿನ ಹಿರಿಯ ಶಿಕ್ಷಕಿಯ ತರಗತಿಯಲ್ಲಿ ಎರಡು ದಿನ ಕೂತು ಬಂದೆ. ನಿಮಗೂ ಗೊತ್ತಾಗದಿದ್ದರೆ ಕೇಳಿ, ಸಂಕೋಚ ಬೇಡ.

ದೀಪಾವಳಿ ಕಳೆದ ಮೇಲೆ ಮಕ್ಕಳು ಒಬ್ಬೊಬ್ಬರಾಗಿ ಕಾಣೆಯಾದರು. ಅಪ್ಪ ಅಮ್ಮ ಕಬ್ಬು ಕಡಿಯಲು ಗುಳೆ ಹೊರಟಾಗ ಮಕ್ಕಳೂ ಲಾರಿ ಹತ್ತುತ್ತವೆ. ನನ್ನ ಪಾಠ ಹಿಡಿಸಲಿಲ್ಲವೇನೋ ಎಂದು ರಾತ್ರಿಯೆಲ್ಲ ಅತ್ತಿದ್ದೆ. "ಬರೋ ವರ್ಷ ಲಾರಿ ಬರೋಕಿಂತ ಮೊದಲೇ ಮನೆಮನೆಗೆ ಹೋಗೋಣ್ರೀ" ಅಂದರು ನಮ್ಮ ಹೆಡ್‌ಮಾಸ್ತರು. ಹೋದೆವು. ಗುಡಿಸಲ ಮುಂದೆ ಕೂತು, ಈ ಮಗುವನ್ನು ಅಜ್ಜಿಯ ಹತ್ತಿರ ಬಿಡಬಹುದಾ ಎಂದು ಕೇಳಿದೆವು. ಆ ವರ್ಷ ನಾಲ್ಕು ಮಕ್ಕಳು ಊರಲ್ಲೇ ಉಳಿದರು.

ಅದಕ್ಕೇ ಹೇಳುತ್ತೇನೆ, ಖಾಲಿ ಹುದ್ದೆಗಳ ಪಟ್ಟಿ ಬಂದಾಗ ಬಸ್ಸಿನ ಜೊತೆಗೆ ಇನ್ನೆರಡು ಮಾತು ವಿಚಾರಿಸಿ. ಮಕ್ಕಳ ಮನೆಮಾತು ಯಾವುದು? ಊರವರು ಗುಳೆ ಹೋಗುತ್ತಾರಾ? ಸಾಧ್ಯವಾದರೆ ಒಮ್ಮೆ ಹೋಗಿ ನೋಡಿಯೇ ಬನ್ನಿ. ಅಡುಗೆ ಅಕ್ಕನನ್ನು ಮಾತಾಡಿಸಲು ಮರೆಯಬೇಡಿ.

ಹಿಂದಿನ ಸಾಲಿನ ಆ ಹುಡುಗಿ ಉಳಿದ ನಾಲ್ವರಲ್ಲಿ ಒಬ್ಬಳು. ಮಾರ್ಚಿನಲ್ಲಿ ಲಾರಿ ಮರಳಿ ಬಂದಾಗ ತನ್ನ ಯಾಡಿಗೆ ಪುಸ್ತಕ ಓದಿ ತೋರಿಸಿದಳು. ನಮಸ್ಕಾರ.