ಕೋರಿನ ಹತ್ತಿ, ಒಡೆಯನ ಲೆಕ್ಕ

ಅಧ್ಯಕ್ಷರೇ, ಬಂಧುಗಳೇ,

1930ರ ದಶಕದ ಆರ್ಥಿಕ ಮಹಾಕುಸಿತ ಎಂದರೆ ಎಲ್ಲರೂ ನ್ಯೂಯಾರ್ಕಿನ ಷೇರುಪೇಟೆಗೆ ಓಡುತ್ತಾರೆ. ನಾನು ಅಮೆರಿಕದ ದಕ್ಷಿಣದ ರಾಜ್ಯ ಅರ್ಕಾನ್ಸಾದ ಹತ್ತಿ ಹೊಲದಲ್ಲೇ ನಿಲ್ಲುತ್ತೇನೆ. ಅಲ್ಲಿನ ಶೇರ್‌ಕ್ರಾಪರ್ ಎಂದರೆ ನಮ್ಮ ಕಡೆ ಕೋರಿಗೆ ಹೊಲ ಮಾಡುವವನಿದ್ದ ಹಾಗೆ. ನೆಲ, ಬೀಜ, ಹೇಸರಗತ್ತೆ ಒಡೆಯನವು. ಮೈಮುರಿಯುವ ದುಡಿಮೆ ಇವನ ಮನೆಮಂದಿಯದು. ಬೆಳೆಯಲ್ಲಿ ಅರ್ಧ ಪಾಲು. ಸುಗ್ಗಿಯವರೆಗೆ ಮೆಕ್ಕೆಜೋಳದ ಹಿಟ್ಟು, ಹಂದಿ ಮಾಂಸ, ಕಾಕಂಬಿ ಎಲ್ಲವೂ ಉದ್ರಿ. ಉದ್ರಿ ಬರೆದುಕೊಳ್ಳುವವನು ಯಾರು? ನನ್ನ ಮಾತೆಲ್ಲ ಇಷ್ಟೇ: ಲೇಖನಿ ಯಾರ ಕೈಯಲ್ಲಿತ್ತು?

ಅವರಲ್ಲೇ ಓಡಾಡುತ್ತಿದ್ದ ಒಂದು ನಗೆಹನಿ ಇದೆ. ಐದು ಅಂಡಿಗೆ ಹತ್ತಿ ಒಪ್ಪಿಸಿದವನು ಲೆಕ್ಕಕ್ಕೆ ಬಂದು ನಿಂತ. ಒಡೆಯ ಕನ್ನಡಕ ಏರಿಸಿ, ಕೂಡಿಸಿ, ಕಳೆದು, ನಿಟ್ಟುಸಿರು ಬಿಟ್ಟು, 'ನೀನು ಪುಣ್ಯವಂತ. ಸಾಲಕ್ಕೂ ಬೆಳೆಗೂ ಸರಿಹೋಯಿತು. ನೀನೂ ಕೊಡಬೇಕಿಲ್ಲ, ನಾನೂ ಕೊಡಬೇಕಿಲ್ಲ' ಎಂದ. ಇವನಿಗೆ ಖುಷಿಯೋ ಖುಷಿ. 'ಹಾಗಾದರೆ ಬಂಡಿಯಲ್ಲಿ ಉಳಿದಿರುವ ಇನ್ನೊಂದು ಅಂಡಿಗೆ ನನ್ನದೇ ಆಯಿತಲ್ಲ ಸ್ವಾಮಿ!' ಒಡೆಯ ಪುಸ್ತಕವನ್ನು ಮತ್ತೆ ಬಿಚ್ಚಿ ರೇಗಿದ: 'ಮೊದಲೇ ಹೇಳಬಾರದೇ? ಸರಿಹೋಗಿಸಲು ಈಗ ಎಲ್ಲವನ್ನೂ ಹೊಸದಾಗಿ ಬರೆಯಬೇಕು!'

ನಗಿರಿ. ನಮ್ಮೂರಿನಲ್ಲಿ ಇದನ್ನು ಹೇಳಿದಾಗ ಹಿರಿಯರೊಬ್ಬರು ನಗಲೇ ಇಲ್ಲ. 'ಆ ಸಾಹುಕಾರ ಯಾವ ಊರಿನವನು?' ಎಂದು ಕೇಳಿದರು.

1929ರಲ್ಲಿ ಪೌಂಡಿಗೆ ಸುಮಾರು 17 ಸೆಂಟ್ ಇದ್ದ ಹತ್ತಿ 1932ಕ್ಕೆ 6 ಸೆಂಟಿನ ಆಸುಪಾಸಿಗೆ ಕುಸಿಯಿತು. ಧಾರಣೆ ಏರಿಸಲು ರೂಸ್‌ವೆಲ್ಟ್ ಸರ್ಕಾರ 1933ರಲ್ಲಿ ಸುಮಾರು 1 ಕೋಟಿ ಎಕರೆಯ ನಿಂತ ಬೆಳೆಯನ್ನೇ ಉತ್ತು ನಾಶ ಮಾಡಿಸಿತು. ಗಿಡ ತುಳಿಯಬಾರದೆಂದು ಜನ್ಮವಿಡೀ ಕಲಿತಿದ್ದ ಹೇಸರಗತ್ತೆಗಳು ಸಾಲಿನ ಮೇಲೆ ಕಾಲಿಡಲು ಒಪ್ಪಲಿಲ್ಲವಂತೆ. ಕೃಷಿ ಇಲಾಖೆಗಿಂತ ಅವುಗಳಿಗೇ ಹೆಚ್ಚು ಬುದ್ಧಿಯಿತ್ತು ಎಂದು ಚೇಷ್ಟೆ ಮಾಡುವವರಿದ್ದಾರೆ. ನಾನೂ ಅವರಲ್ಲೊಬ್ಬ.

ಪರಿಹಾರವೂ ಬಂತು. ಯಾರ ಕೈಗೆ? ಮತ್ತೆ ಅದೇ ಲೇಖನಿ! 1934-35ರ ಬೆಳೆ ಕಡಿತದ ಕರಾರಿನಲ್ಲಿ ಪೌಂಡಿಗೆ ನಾಲ್ಕೂವರೆ ಸೆಂಟ್. ಅದರಲ್ಲಿ ಕೋರಿನವನಿಗೆ ಅರ್ಧ ಸೆಂಟ್, ಅದೂ ಒಡೆಯನ ಮೂಲಕ. ಅವನನ್ನು ಒಕ್ಕಲೆಬ್ಬಿಸಿ ದಿನಗೂಲಿಗೆ ಇಟ್ಟುಕೊಂಡರೆ ಆ ಅರ್ಧವೂ ಒಡೆಯನಿಗೇ ಉಳಿಯಿತು. ಅನೇಕ ಒಡೆಯರು ಹಾಗೆಯೇ ಮಾಡಿದರು.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಹತ್ತಿ ಬಿಡಿಸುವ ಯಂತ್ರದ ವಿಷಯ ಬಿಟ್ಟೆ. ಆದರೆ 1934ರ ಜುಲೈಯನ್ನು ಬಿಡಲಾರೆ. ಅರ್ಕಾನ್ಸಾದ ಟೈರೊಂಜಾ ಊರಿನ ಬಳಿ 11 ಬಿಳಿಯರು, 7 ಕರಿಯರು ಒಂದೇ ಕೋಣೆಯಲ್ಲಿ ಕುಳಿತು ದಕ್ಷಿಣದ ಗೇಣಿದಾರರ ಸಂಘ ಕಟ್ಟಿದರು. ಆ ಊರಿನಲ್ಲಿ, ಆ ಕಾಲದಲ್ಲಿ! ಮರುವರ್ಷ ಸುಗ್ಗಿಯಲ್ಲಿ ನೂರು ಪೌಂಡ್ ಬಿಡಿಸಲು 1 ಡಾಲರ್ ಕೂಲಿ ಕೇಳಿ ಹೊಲಕ್ಕೆ ಇಳಿಯಲಿಲ್ಲ.

ಕೊನೆಯದಾಗಿ 1939ರ ಜನವರಿ, ಪಕ್ಕದ ರಾಜ್ಯ ಮಿಸ್ಸೂರಿ. ಪಾದ್ರಿ ಓವೆನ್ ವಿಟ್‌ಫೀಲ್ಡ್ ಮುಂದಾಳತ್ವದಲ್ಲಿ ಒಕ್ಕಲೆದ್ದ ಕೋರಿನವರು ಸಾವಿರಕ್ಕೂ ಹೆಚ್ಚು ಜನ ಚಳಿಯಲ್ಲಿ ಒಲೆ, ಹಾಸಿಗೆ, ಮಕ್ಕಳೊಂದಿಗೆ ಹೆದ್ದಾರಿಯ ಬದಿಗೆ ಬಂದು ಕುಳಿತರು. ಕೆಲವೇ ದಿನಗಳಲ್ಲಿ, ಇದು ಸಾರ್ವಜನಿಕ ಆರೋಗ್ಯಕ್ಕೆ ಅಪಾಯವೆಂದು ಅಧಿಕಾರಿಗಳು ಅವರನ್ನು ಎಬ್ಬಿಸಿದರು. ಯಾರ ಆರೋಗ್ಯಕ್ಕೆ ಎಂಬುದನ್ನು ಪ್ರಶ್ನೋತ್ತರದಲ್ಲಿ ನೋಡೋಣ. ನಮಸ್ಕಾರ.